ಸವೆದ ಬೆರಳನ್ನು ಓದುವ ಬೆಳಕು



ಕಳೆದ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಮಲೆನಾಡಿನ ನಮ್ಮೂರಿಗೆ ಹೋಗಿದ್ದೆ. ಅಮ್ಮನನ್ನು ಕರೆದುಕೊಂಡು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತಾಗ, ನಮ್ಮ ಮುಂದಿದ್ದವರು ಎರಡು ತಿಂಗಳಿಂದ ಅಡಿಕೆ ಸುಲಿಯುತ್ತಿದ್ದ ಹೆಂಗಸು. ಮೆಟ್ಟುಗತ್ತಿಯ ಮುಂದೆ ಕೂತೂ ಕೂತೂ ಆಕೆಯ ಬೆರಳ ತುದಿ ನುಣ್ಣಗಾಗಿತ್ತು, ಕರೆ ಹತ್ತಿ ಕಪ್ಪಾಗಿತ್ತು. ನಾಲ್ಕು ಸಲ ಇಟ್ಟರೂ ಬೆರಳಚ್ಚು ಓದುವ ಯಂತ್ರ ಒಪ್ಪಲಿಲ್ಲ. “ಅಮ್ಮಾ, ತಲೆಗೆ ಒರೆಸ್ಕೊಂಡು ಇನ್ನೊಂದ್ಸಲ ಇಡಿ” ಎಂದರು ಅಂಗಡಿಯವರು. ಆಕೆ ಬೈತಲೆಯ ಮೇಲೆ ಬೆರಳಾಡಿಸಿ ಎಣ್ಣೆ ಹತ್ತಿಸಿಕೊಂಡು ಒತ್ತಿದರು. ಐದನೆಯ ಸಲ ತಗೊಂಡಿತು.

ಆ ಎಣ್ಣೆಯ ಉಪಾಯ ಅಪ್ಪಟ ದ್ಯುತಿವಿಜ್ಞಾನ. ಯಂತ್ರದ ಗಾಜಿನ ಪಟ್ಟಕದೊಳಗೆ ಸುಮಾರು 42 ಡಿಗ್ರಿಗಿಂತ ಓರೆಯಾಗಿ ಬಂದ ಬೆಳಕು ಗಾಳಿಗೆ ದಾಟಲಾರದೆ ಪೂರ್ತಿ ಹಿಂದಿರುಗುತ್ತದೆ. ಬೆರಳಿನ ಏಣು ಗಾಜಿಗೆ ತಾಗಿದ ಕಡೆ ಮಾತ್ರ ಅದು ಚರ್ಮದೊಳಕ್ಕೆ ಸೋರಿಹೋಗಿ, ಆ ಜಾಗ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತದೆ. ಒಣಗಿದ ಬೆರಳನ್ನು ಎಷ್ಟೇ ಒತ್ತಿದರೂ ನಡುವೆ ಗಾಳಿಯ ತೆಳುಪದರ ಉಳಿಯುತ್ತದೆ. ಎಣ್ಣೆ ಆ ಗಾಳಿಯ ಜಾಗವನ್ನು ತುಂಬಿ ಬೆಳಕಿಗೆ ದಾರಿ ಮಾಡಿಕೊಡುತ್ತದೆ.

ಗಾಜನ್ನೇ ತೆಗೆದುಬಿಟ್ಟರೆ ಈ ಪಾಡು ಇರುವುದಿಲ್ಲ, ನಿಜ. ಆದರೆ ಗಾಜು ಮೂರು ಕೆಲಸ ಮಾಡುತ್ತಿತ್ತು: ಉರುಟು ಬೆರಳನ್ನು ಚಪ್ಪಟೆ ಮಾಡುತ್ತಿತ್ತು, ದೂರವನ್ನು ಕಟ್ಟಿಹಾಕುತ್ತಿತ್ತು, ಏಣು ಮತ್ತು ತಗ್ಗುಗಳನ್ನು ಕಪ್ಪು ಬಿಳುಪಾಗಿ ಬೇರ್ಪಡಿಸುತ್ತಿತ್ತು. ಮುಟ್ಟದ ಸ್ಕ್ಯಾನರಿನಲ್ಲಿ ಈ ಮೂರೂ ಹೊರೆ ಮಸೂರ ಮತ್ತು ದೀಪದ ಹೆಗಲಿಗೆ ಬೀಳುತ್ತವೆ.

ಮೊದಲು ಉರುಟಿನ ಮಾತು. ಬೆರಳನ್ನು 8 ಮಿಲಿಮೀಟರ್ ತ್ರಿಜ್ಯದ ಕೊಳವೆ ಎಂದುಕೊಳ್ಳಿ. ನಡುವಿನ 12 ಮಿ.ಮೀ. ಅಗಲವನ್ನು ಓದಬೇಕಾದರೂ ಅಂಚು ನಡುವಿಗಿಂತ ಸುಮಾರು 2.7 ಮಿ.ಮೀ. ಹಿಂದಕ್ಕೆ ಬಾಗಿರುತ್ತದೆ. ಗಾಳಿಯಲ್ಲಿ ಹಿಡಿದ ಬೆರಳು ಅತ್ತಿತ್ತ ಅಲುಗಾಡುವುದು ಬೇರೆ. ಇಂಚಿಗೆ 500 ಬಿಂದುಗಳೆಂಬ ರೂಢಿಯ ಅಳತೆ ಎಂದರೆ ಬೆರಳ ಮೇಲೆ ಬಿಂದುವಿಗೆ 50 ಮೈಕ್ರಾನ್. 3 ಮೈಕ್ರಾನ್ ಪಿಕ್ಸೆಲ್ಲಿನ ಸಂವೇದಕ ಹಾಕಿದರೆ ಚಿತ್ರ ಸುಮಾರು 17 ಪಟ್ಟು ಕಿರಿದಾಗುತ್ತದೆ. ಆಗ ಎಫ್/2 ಮಸೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಮೂರೂವರೆ ಮಿ.ಮೀ. ಮಾತ್ರ. ಎಫ್/4ಕ್ಕೆ ಇಳಿಸಿದರೆ ಆಳ 7 ಮಿ.ಮೀ. ಆಗುತ್ತದೆ, ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಇನ್ನೂ ಕಿರಿದುಮಾಡಿ ಎಫ್/8ಕ್ಕೆ ಹೋದರೆ ವಿವರ್ತನೆಯಿಂದ ನೀಲಿ ಬೆಳಕಿನ ಚುಕ್ಕೆಯೇ ಮೂರು ಪಿಕ್ಸೆಲ್ಲಿನಷ್ಟು ಹರಡಿಕೊಳ್ಳುತ್ತದೆ. ಏಣುಗಳ ಅಂಚು ಮಾಸುತ್ತದೆ. ನನ್ನ ಮಟ್ಟಿಗೆ ಎಫ್/4ರ ಆಸುಪಾಸೇ ಸರಿಯಾದ ಜಾಗ. ಕಳೆದುಕೊಂಡ ಬೆಳಕನ್ನು ಜೋರಾದ ಮಿಂಚುದೀಪದಿಂದ ತುಂಬಿಕೊಳ್ಳಬೇಕು. ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಸರಿಯುವ ಕೈ ಅರ್ಧ ಮಿಲಿಸೆಕೆಂಡಿನಲ್ಲಿ ಒಂದು ಬಿಂದುವಿನಷ್ಟು ಜರುಗಿರುತ್ತದೆ. ಮಿಂಚು ಅದಕ್ಕಿಂತ ಬೇಗ ಮುಗಿಯಬೇಕು.

ದೂರದ ವಿಷಯದಲ್ಲಿ ಪೆಟ್ಟಿಗೆ ಚಿಕ್ಕದಾದಷ್ಟೂ ತೊಂದರೆ ಹೆಚ್ಚು. ಮಸೂರದಿಂದ 70 ಮಿ.ಮೀ. ದೂರದ ಬೆರಳು 5 ಮಿ.ಮೀ. ಹತ್ತಿರ ಬಂದರೆ ಇಂಚಿಗೆ 500 ಬಿಂದು ಇದ್ದದ್ದು 538 ಆಗುತ್ತದೆ. ದೂರ ಬದಲಾದರೂ ಚಿತ್ರದ ಅಳತೆ ಬದಲಾಗದ ಟೆಲಿಸೆಂಟ್ರಿಕ್ ಮಸೂರ ಇದಕ್ಕೆ ಶುದ್ಧ ಪರಿಹಾರ. ಆದರೆ ಅದರ ಮುಂಗಾಜು ನೋಡುವ ವಸ್ತುವಿನಷ್ಟಾದರೂ ಅಗಲವಿರಬೇಕು. ನಾಲ್ಕು ಬೆರಳಿಗೆ ಅಂಗೈಯಗಲದ ಮಸೂರ ಬೇಕಾಗುತ್ತದೆ, ಅಂಗಡಿಯ ಮೇಜಿಗೆ ಅದು ಒಗ್ಗುವುದಿಲ್ಲ. 45 ಡಿಗ್ರಿಗೆ ಕನ್ನಡಿ ಕೂರಿಸಿ ಬೆಳಕಿನ ದಾರಿಯನ್ನು ಮಡಚುವುದು, ಜೊತೆಗೆ ಎರಡನೆಯ ಪುಟ್ಟ ಕ್ಯಾಮೆರಾದಿಂದ ದೂರ ಅಳೆದು ಅಳತೆ ಸರಿಪಡಿಸುವುದು ನನಗೆ ಮೆಚ್ಚುಗೆಯಾದ ದಾರಿ.

ಇನ್ನು ದೀಪ. ನನ್ನ ಮನಸ್ಸು ಹೆಚ್ಚು ನೆಟ್ಟಿರುವುದು ಇಲ್ಲಿ. ಕೆಂಪು ಬೆಳಕು ಚರ್ಮದೊಳಕ್ಕೆ ಇಳಿದು, ಅಲ್ಲೇ ಚದುರಿ, ಏಣು ತಗ್ಗುಗಳ ವ್ಯತ್ಯಾಸವನ್ನು ಮಸುಕುಮಾಡಿ ಹೊರಬರುತ್ತದೆ. ನೀಲಿಯನ್ನು ಮೆಲನಿನ್ ಮತ್ತು ರಕ್ತದ ಹಿಮೊಗ್ಲೋಬಿನ್ ಬೇಗ ಹೀರಿಕೊಳ್ಳುತ್ತವೆ, ಹಾಗಾಗಿ ಮರಳಿ ಬರುವ ನೀಲಿ ಬಹುಪಾಲು ಮೇಲ್ಮೈಯದೇ ಸುದ್ದಿ ತರುತ್ತದೆ. ಸ್ಕ್ಯಾನರ್ ಮಾಡುವ ನಾವೆಲ್ಲ ನೀಲಿ ಎಲ್‌ಇಡಿ ಹಾಕುವುದು ಇದಕ್ಕಾಗಿಯೇ. ಆದರೆ ಆ ಹೆಂಗಸಿನ ಬೆರಳನ್ನು ನೆನಪಿಸಿಕೊಳ್ಳಿ. ಅಡಿಕೆಯ ಕರೆ ಕಂದು. ಕಂದು ನೀಲಿಯನ್ನು ನುಂಗುತ್ತದೆ. ಮದುವೆಮನೆಯ ಮದರಂಗಿಯೂ ಅಷ್ಟೇ. ನಮ್ಮ ಪ್ರಯೋಗಾಲಯದ ಬೆರಳುಗಳಿಗೆ ಅಚ್ಚುಕಟ್ಟಾಗಿ ಒಗ್ಗಿದ ದೀಪ, ಯಾರಿಗಾಗಿ ಗಾಜು ತೆಗೆದೆವೋ ಅವರ ಬೆರಳಿನ ಮುಂದೆ ಕುರುಡಾಗುತ್ತದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ನೀಲಿಯ ಜೊತೆಗೆ, ಬೆರಳಿಗೆ ತೀರ ಓರೆಯಾಗಿ, ಬದಿಯಿಂದ ಬೀಳುವ ಕೆಂಪು ದೀಪವೊಂದಿರಲಿ. ಕರೆ ಕೆಂಪನ್ನು ಅಷ್ಟಾಗಿ ನುಂಗುವುದಿಲ್ಲ. ಬಣ್ಣ ಹೇಳದ್ದನ್ನು ಏಣಿನ ನೆರಳು ಹೇಳುತ್ತದೆ. ಸುತ್ತಲೂ ಸಮನಾಗಿ ಬೆಳಗುವ ಉಂಗುರದೀಪದಲ್ಲಿ ಈ ನೆರಳು ಹುಟ್ಟುವುದೇ ಇಲ್ಲ. ಒಂದರ ಹಿಂದೊಂದು ಎರಡು ಮಿಂಚು, ಎರಡು ಚಿತ್ರ. ಯಾವುದು ತಿಳಿಯಾಗಿದೆಯೋ ಅದನ್ನು ಯಂತ್ರ ಆರಿಸಿಕೊಳ್ಳಲಿ. ದೀಪದ ಮುಂದೊಂದು, ಮಸೂರದ ಮುಂದೆ ಅದಕ್ಕೆ ಅಡ್ಡವಾಗಿ ಇನ್ನೊಂದು ಧ್ರುವೀಕಾರಕ ಹಾಕಿದರೆ ಬೆವರಿನ ಹೊಳಪೂ ಇಳಿಯುತ್ತದೆ, ಆದರೆ ಬೆಳಕು ಮತ್ತಷ್ಟು ಕಡಿಮೆಯಾಗುತ್ತದೆ. ಮಸೂರದ ಕಿಂಡಿ, ದೀಪದ ಬಲ, ಪೆಟ್ಟಿಗೆಯ ದಪ್ಪ ಈ ಮೂರನ್ನೂ ಒಂದೇ ಲೆಕ್ಕದಲ್ಲಿ ಇಟ್ಟುಕೊಂಡು ವಿನ್ಯಾಸ ಮಾಡಬೇಕು.

ಹಳೆಯ ದಾಖಲೆಯ ತೊಡಕನ್ನೂ ಮರೆಯುವಂತಿಲ್ಲ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಟೆಂಭ್ಲಿಯಲ್ಲಿ ಆಧಾರ್ ಶುರುವಾದಾಗಿನಿಂದ ನಮ್ಮ ಬೆರಳುಗಳು ಗಾಜಿಗೆ ಒತ್ತಿಯೇ ದಾಖಲಾಗಿವೆ. ಒತ್ತಿದ ಚರ್ಮ ಹಿಗ್ಗಿರುತ್ತದೆ, ಮುಟ್ಟದ ಬೆರಳು ಹಾಗಿರುವುದಿಲ್ಲ. ಅಮೆರಿಕದ ನಿಸ್ಟ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಮುಟ್ಟುವ ಸಾಧನಗಳದೇ ಮೇಲುಗೈ. ಆದರೆ ಒಂದರ ಬದಲು ಹಲವು ಬೆರಳುಗಳನ್ನು ಸೇರಿಸಿದಾಗ ಮುಟ್ಟದವುಗಳ ಫಲ ಬಹಳ ಸುಧಾರಿಸಿತು. ಒಂದೇ ಬೆರಳಿಗೆ ಸಾಲುವಷ್ಟು ಪೆಟ್ಟಿಗೆಯನ್ನು ಕುಗ್ಗಿಸುವುದನ್ನು ನಾನು ಒಪ್ಪದಿರುವುದು ಇದಕ್ಕೇ.

ಮಧ್ಯಾಹ್ನ ಪಕ್ಕದ ಸಭಾಂಗಣದಲ್ಲಿ ನಿಮ್ಮ ಮುಟ್ಟದ ಸ್ಕ್ಯಾನರುಗಳ ಮಾದರಿಗಳ ಪ್ರಾತ್ಯಕ್ಷಿಕೆಯಿದೆ. ನಮ್ಮೂರಿನ ಕಡೆಯಿಂದ ನಾಲ್ವರು ಅಡಿಕೆ ಸುಲಿಯುವವರು ರಾತ್ರಿ ಬಸ್ಸಿಗೆ ಬಂದಿದ್ದಾರೆ. ಅವರ ಎರಡು ದಿನದ ಕೂಲಿಯನ್ನು ಸಂಘಟಕರು ಕೊಡುತ್ತಿದ್ದಾರೆ. ಮೇಜಿನ ಮೇಲೆ ತೊಳೆಯುವ ನೀರು, ಎಣ್ಣೆ ಯಾವುದನ್ನೂ ಇಟ್ಟಿಲ್ಲ. ದಯವಿಟ್ಟು ನಿಮ್ಮ ಬೆರಳು ತೋರಿಸುವ ಮೊದಲು ಅವರ ಬೆರಳು ತೋರಿಸಿ, ಎಷ್ಟನೆಯ ಸಲಕ್ಕೆ ತಗೊಂಡಿತು ಎಂಬುದನ್ನು ಅಲ್ಲಿನ ಹಲಗೆಯ ಮೇಲೆ ಬರೆಯಿರಿ.