ಸ್ವಯಂಸೇವಕನಿಗೂ ಹಕ್ಕುಗಳಿವೆ
(ಸ್ವಯಂಸೇವಕರ ಸಮಾವೇಶದಲ್ಲಿ ಮಾಡಿದ ಭಾಷಣ)



2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಪರಿಹಾರಕ್ಕೆ ಧಾವಿಸಿದವರಲ್ಲಿ ನಮ್ಮ ಯುವಕರಿದ್ದರು. 2021ರಲ್ಲಿ ಬಂಧುಗಳೇ ಸಮೀಪಿಸಲು ಅಂಜಿದ ಕೊರೋನಾ ಮೃತದೇಹಗಳಿಗೆ ಧರ್ಮಭೇದವಿಲ್ಲದೆ ಅಂತ್ಯಸಂಸ್ಕಾರ ನೆರವೇರಿಸಿದವರಲ್ಲೂ ಅವರಿದ್ದರು. ಸಮಾಜ ಅವರನ್ನು ಪ್ರಶಂಸಿಸಿತು. ಆದರೆ ಆ ಯುವಕರ ಬಗ್ಗೆ ನಮ್ಮ ಸಂಸ್ಥೆಗಳಿಗಿರುವ ಹೊಣೆ ಪ್ರಶಂಸೆಯೊಂದಿಗೆ ಮುಗಿಯುತ್ತದೆಯೇ?

ನಾನು ವಿದ್ಯಾರ್ಥಿಯಾಗಿದ್ದಾಗ ಸಮ್ಮೇಳನವೊಂದರ ಚಪ್ಪರ ಕಟ್ಟುತ್ತಿದ್ದ ಗೆಳೆಯನೊಬ್ಬ ಏಣಿಯಿಂದ ಬಿದ್ದು ಕೈ ಮುರಿದುಕೊಂಡ. ಪದಾಧಿಕಾರಿಗಳು ಆಸ್ಪತ್ರೆಗೆ ಬಂದರು, ದುಆ ಮಾಡಿದರು, 'ಅಲ್ಲಾಹನ ಬಳಿ ಪ್ರತಿಫಲವಿದೆ' ಎಂದು ಸಮಾಧಾನ ಹೇಳಿ ಮರಳಿದರು. ಬಿಲ್ಲು ಕಟ್ಟಲು ಅವನ ತಾಯಿ ಬಳೆ ಅಡವಿಟ್ಟರು. ಪ್ರತಿಫಲ ನೀಡುವವನು ಅಲ್ಲಾಹನೇ, ಸಂದೇಹವಿಲ್ಲ. ಆದರೆ ನಾವು ತೀರಿಸಬೇಕಾದ ಸಾಲವನ್ನು ಅವನ ಲೆಕ್ಕಕ್ಕೆ ಬರೆಯುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಝಕಾತ್‌ನ ಎಂಟು ಹಕ್ಕುದಾರರನ್ನು ಪವಿತ್ರ ಕುರ್‌ಆನ್ ಹೆಸರಿಸಿದೆ (9:60). ಬಡವರು ಮತ್ತು ನಿರ್ಗತಿಕರ ಬೆನ್ನಿಗೇ ಅಲ್ಲಿ ಬರುವುದು ಝಕಾತ್ ವ್ಯವಸ್ಥೆಗಾಗಿ ದುಡಿಯುವವರ ಉಲ್ಲೇಖ. ಅದು ನೇಮಕಗೊಂಡವರ ಮಾತು, ಸ್ವಯಂಸೇವಕನು ವೇತನವನ್ನು ತಾನಾಗಿಯೇ ಬಿಟ್ಟುಕೊಟ್ಟವನಲ್ಲವೇ ಎಂದು ಕೆಲವರು ಕೇಳಬಹುದು. ನಿಜ. ಅವನು ಬಿಟ್ಟುಕೊಟ್ಟಿರುವುದು ವೇತನವನ್ನು ಮಾತ್ರ. ತನ್ನ ದೇಹದ ಸುರಕ್ಷೆಯನ್ನಲ್ಲ, ಗೌರವವನ್ನಲ್ಲ, ಕುಟುಂಬದ ಅನ್ನವನ್ನಲ್ಲ.

ದೇಶದ ಕಾನೂನೂ ಈ ವ್ಯತ್ಯಾಸವನ್ನು ಬಲ್ಲದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯು ಸಂಬಳವಿಲ್ಲದೆ ಸ್ವಯಂಪ್ರೇರಣೆಯಿಂದ ದುಡಿಯುವವರನ್ನೂ ಉದ್ಯೋಗಿ ಎಂದೇ ಪರಿಗಣಿಸುತ್ತದೆ. ಟ್ರಸ್ಟ್, ಸೊಸೈಟಿ, ಸರಕಾರೇತರ ಸಂಸ್ಥೆಗಳೆಲ್ಲ ಅದರ ವ್ಯಾಪ್ತಿಯಲ್ಲಿವೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ದೂರು ಸಮಿತಿ ಕಡ್ಡಾಯ. ನಮ್ಮ ಸಂಸ್ಥೆಗಳ ಪೈಕಿ ಎಷ್ಟರಲ್ಲಿ ಆ ಸಮಿತಿ ಇದೆ ಎಂದು ವೇದಿಕೆಯಲ್ಲಿರುವವರು ಆತ್ಮಾವಲೋಕನ ಮಾಡಿಕೊಳ್ಳಲಿ.

ಹಣವಿಲ್ಲ ಎಂಬ ನೆಪ ಬೇಡ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತನ್ನು 2022ರಲ್ಲಿ 20 ರೂಪಾಯಿಗೆ ನಿಗದಿಪಡಿಸಲಾಯಿತು. ಬ್ಯಾಂಕ್ ಖಾತೆಯಿರುವ 18ರಿಂದ 70 ವರ್ಷದವರು ಅದಕ್ಕೆ ಸೇರಬಹುದು. ಅಪಘಾತದಲ್ಲಿ ಮರಣ ಸಂಭವಿಸಿದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ. ನೂರು ಮಂದಿಯ ಕಂತನ್ನು ಸಂಸ್ಥೆಯೇ ಭರಿಸಿದರೂ ತಗಲುವುದು 2,000 ರೂಪಾಯಿ. ಸ್ವಾಗತ ಕಮಾನಿಗೆ ನಾವು ಇದಕ್ಕಿಂತ ಹೆಚ್ಚು ಸುರಿಯುತ್ತೇವೆ. ಚಿಕಿತ್ಸೆಯ ವೆಚ್ಚವನ್ನು ಈ ವಿಮೆ ಭರಿಸುವುದಿಲ್ಲವಾದ್ದರಿಂದ ಅದಕ್ಕೊಂದು ಪ್ರತ್ಯೇಕ ನಿಧಿಯೂ ಇರಲಿ.

ಉಳಿದವುಗಳಿಗೆ ಹೆಚ್ಚು ಹಣ ಬೇಕಿಲ್ಲ. ಕೆಲಸವೇನು, ಎಷ್ಟು ಹೊತ್ತು ಎಂಬುದನ್ನು ಮೊದಲೇ ತಿಳಿಸಿರಿ. ಬಸ್ಸಿನ ಖರ್ಚನ್ನು ಕೇಳುವ ಮುನ್ನವೇ ಕೊಡಿರಿ. ಪರೀಕ್ಷೆಯ ದಿನ, ತಾಯಿ ಅಸ್ವಸ್ಥರಾಗಿರುವ ದಿನ 'ಆಗುವುದಿಲ್ಲ' ಎಂದವನ ಈಮಾನನ್ನು ಅಳೆಯದಿರಿ. ಕುರ್ಚಿ ಜೋಡಿಸುವವನಿಗೆ ಸಮಾಲೋಚನೆಯಲ್ಲೂ ಒಂದು ಕುರ್ಚಿ ಇರಲಿ.

ಯುವಕರೇ, ಹಕ್ಕು ಕೇಳುವುದರಿಂದ ಇಖ್ಲಾಸ್ ಕುಂದುವುದಿಲ್ಲ. ಒಪ್ಪಿಕೊಂಡ ಕೆಲಸವು ಅಮಾನತ್ತು. ಅದನ್ನು ಪೂರ್ತಿಗೊಳಿಸುವುದು ನಿಮ್ಮ ಹೊಣೆ. ಅದನ್ನು ಮಾಡಿ ಸುರಕ್ಷಿತವಾಗಿ ಮನೆ ಸೇರುವಂತೆ ನೋಡಿಕೊಳ್ಳುವುದು ನಿಮ್ಮನ್ನು ಕರೆದವರ ಹೊಣೆ. ಮುಂದಿನ ಕಾರ್ಯಕ್ರಮದ ಕರಪತ್ರ ಅಚ್ಚಿಗೆ ಹೋಗುವ ಮುನ್ನ ಈ ಎರಡನೆಯ ಹೊಣೆಯ ಬಗ್ಗೆ ನಿಮ್ಮ ಜಮಾಅತ್‌ನಲ್ಲಿ ಒಂದು ನಿರ್ಣಯವಾಗಲಿ ಎಂದು ವಿನಂತಿಸುತ್ತೇನೆ.