ಇಬ್ಬರು ದೊಡ್ಡವರ ನಡುವೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಾಗ ನೀವು ಚಿಕ್ಕಜಾಜೂರಿನಲ್ಲಿ ಇಳಿದಿರಬಹುದು. ಅಲ್ಲಿಂದ ಒಂದು ಕವಲು ಹಾದಿ ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ತಿರುಗುತ್ತದೆ. ಗಾಡಿ ಕಾಯುವ ಹೊತ್ತಿನಲ್ಲಿ ಒಂದು ಪ್ರಶ್ನೆಯನ್ನು ಯೋಚಿಸೋಣ. ರಾಜ್ಯರಾಜ್ಯಗಳ ಸಂಬಂಧವನ್ನು ವಿಚಾರಿಸುವ ಶಾಸ್ತ್ರಕ್ಕೆ ದುರ್ಗದಿಂದ ಕಲಿಯುವುದು ಏನಾದರೂ ಉಂಟೆ?

ಈ ಶಾಸ್ತ್ರದ ಪಠ್ಯಪುಸ್ತಕಗಳು ಬಹುಮಟ್ಟಿಗೆ ಯೂರೋಪಿನ 1648ರ ವೆಸ್ಟ್‌ಫೇಲಿಯಾ ಒಪ್ಪಂದದಿಂದಲೇ ಕಥೆ ತೊಡಗುತ್ತವೆ. ಅವುಗಳಲ್ಲಿ ನಮ್ಮ ನಾಯಕರಿಗೆ ಸ್ಥಳವಿಲ್ಲ. ಪಾಳೆಯಗಾರ ಎಂಬುದು ನಮ್ಮದೇ ಮಾತು. ಕಂಪನಿಯವರ ಬಾಯಲ್ಲಿ ಅದು 'ಪಾಲಿಗಾರ್' ಆಗಿ, ಅಡಗಿಸಬೇಕಾದ ಪುಂಡನೆಂಬ ಅರ್ಥ ಪಡೆಯಿತು. ಪುಂಡನಿಗೆ ರಾಜನೀತಿ ಎಲ್ಲಿಂದ ಬರಬೇಕು?

ನಡೆದುದನ್ನು ನೋಡಿ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ದುರ್ಗದ ಮದಕರಿನಾಯಕ ಅವನ ಪಕ್ಷದಲ್ಲಿದ್ದ. 1770ರಲ್ಲಿ ಪೇಶ್ವೆ ಮಾಧವರಾಯ ನಿಜಗಲ್ಲಿಗೆ ಮುತ್ತಿಗೆ ಹಾಕಿದಾಗ ಕೋಟೆಯನ್ನೇರಿದವರು ಇದೇ ನಾಯಕನ ಬೇಡಪಡೆಯವರು. ಮೈಸೂರು ಒಂದು ಕಡೆ, ಮರಾಠರು ಇನ್ನೊಂದು ಕಡೆ. ನಡುವೆ ಬದುಕಬೇಕಾದವನ ಲೆಕ್ಕಾಚಾರ ಇದು. 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದಕ್ಕೆ ಹೆಸರೇ ಇದೆ: ಒಬ್ಬನೊಡನೆ ಸಂಧಿ, ಇನ್ನೊಬ್ಬನೊಡನೆ ವಿಗ್ರಹ, ಅದೇ ದ್ವೈಧೀಭಾವ. ಇತ್ತ 1955ರಲ್ಲಿ ಬಾಂಡುಂಗಿನಲ್ಲಿ ಸೇರಿದ 29 ರಾಷ್ಟ್ರಗಳಲ್ಲಿ ಹಲವಕ್ಕೆ ಇದ್ದ ಚಿಂತೆಯೂ ಇಬ್ಬರು ದೊಡ್ಡವರ ನಡುವೆ ಬಾಳುವುದು ಹೇಗೆಂಬುದೇ.

ಆದರೆ ಯೂರೋಪಿನ ರಾಜನನ್ನು ಎಬ್ಬಿಸಿ ಆ ಪೀಠದಲ್ಲಿ ನಮ್ಮ ರಾಜನನ್ನು ಕೂರಿಸಿದರೆ ಕೆಲಸ ಮುಗಿಯಿತೆ? ಕೌಟಿಲ್ಯನದೂ ಅರಸನ ಕಣ್ಣೇ. 1779ರಲ್ಲಿ ಲೆಕ್ಕ ತಪ್ಪಿತು. ದುರ್ಗ ಹೈದರನ ವಶವಾಗಿ ನಾಯಕ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದ. ಅವನ ಹಿಂದೆ ಸುಮಾರು 20,000 ಮಂದಿ ಬೇಡರನ್ನೂ ಅಲ್ಲಿಗೆ ಸಾಗಿಸಿದರೆಂದು ರೈಸ್ ಸಾಹೇಬರು ಬರೆದಿದ್ದಾರೆ. ಹುಡುಗರನ್ನು ಆರಿಸಿ 'ಚೇಲ' ಎಂಬ ಪಡೆ ಕಟ್ಟಿದರು. ನಾಯಕ ಮಾಡಿದ ಲೆಕ್ಕಕ್ಕೆ ಬೆಲೆ ತೆತ್ತವರು ಇವರು. ಇವರನ್ನು ಯಾವ ಸಂಧಿಯ ಹೊತ್ತಿನಲ್ಲಿ ಯಾರು ಕೇಳಿದ್ದರು?

ಬೇಡ ನಾಯಕರು ಇಂದು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದಾರೆ. ದುರ್ಗದ ಸುತ್ತಿನ ಹಳ್ಳಿಗಳಲ್ಲಿ ಅವರ ಮನೆಗಳಿವೆ, ಹಿರಿಯರ ನೆನಪಿನ ಮಾತುಗಳಿವೆ. ಗೆದ್ದವರ ದಫ್ತರಗಳನ್ನು ಓದುವಷ್ಟೇ ಶ್ರದ್ಧೆಯಿಂದ ಆ ಮಾತುಗಳನ್ನೂ ಕೇಳಿ, ಎರಡನ್ನೂ ಒರೆಗೆ ಹಚ್ಚಿದಾಗ ಈ ಶಾಸ್ತ್ರ ನಮ್ಮದೂ ಆದೀತು. ಮುಂದಿನ ಸಲ ಚಿಕ್ಕಜಾಜೂರಿನಲ್ಲಿ ಗಾಡಿ ಬದಲಾಯಿಸಿದರೆ ದುರ್ಗಕ್ಕೆ ಹೋಗಿ ಕೋಟೆಯನ್ನು ನೋಡಿ ಬನ್ನಿ. ಅದರ ಬುಡದಲ್ಲಿರುವವರೊಡನೆಯೂ ನಾಲ್ಕು ಮಾತನಾಡಿ ಬನ್ನಿ.