ಮಕ್ಕಳ ಮಾತಿಗೆ ಮನೆಯೇ ಮೊದಲ ವೇದಿಕೆ

(ಮದ್ರಸವೊಂದರ ವಾರ್ಷಿಕೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರವಾದಿ(ಸ)ಯವರು ಒಮ್ಮೆ ತಮ್ಮ ಸಂಗಾತಿಗಳ ಮುಂದೆ ಒಂದು ಒಗಟನ್ನಿಟ್ಟರು. ಎಲೆ ಉದುರದ ಮರವೊಂದಿದೆ, ಅದು ಸತ್ಯವಿಶ್ವಾಸಿಯನ್ನು ಹೋಲುತ್ತದೆ, ಅದಾವುದು ಎಂಬುದು ಪ್ರಶ್ನೆ. ನೆರೆದಿದ್ದವರ ಯೋಚನೆ ಮರುಭೂಮಿಯ ಬಗೆಬಗೆಯ ಮರಗಳತ್ತ ಹರಿಯಿತು. ಆ ಸಭೆಯಲ್ಲಿ ಕಿರಿಯರಾಗಿದ್ದ ಅಬ್ದುಲ್ಲಾ ಬಿನ್ ಉಮರ್(ರ)ರಿಗೆ ಅದು ಖರ್ಜೂರದ ಮರವೆಂದು ಹೊಳೆಯಿತು. ಆದರೆ ಅಬೂಬಕರ್(ರ), ಉಮರ್(ರ)ರಂಥ ಹಿರಿಯರೇ ಮೌನವಾಗಿರುವಾಗ ತಾನು ಬಾಯಿ ತೆರೆಯುವುದೆಂತು ಎಂದು ನಾಚಿ ಸುಮ್ಮನಾದರು. ಕೊನೆಗೆ ಪ್ರವಾದಿ(ಸ)ಯವರೇ ಉತ್ತರ ಹೇಳಿದರು. ಅದು ಖರ್ಜೂರದ ಮರವೇ ಆಗಿತ್ತು. ಆ ಬಳಿಕ ಮಗ ಈ ವಿಷಯವನ್ನು ತಂದೆಗೆ ತಿಳಿಸಿದರು. ಹಿರಿಯರ ಮುಂದೆ ಬಾಯಿ ಮುಚ್ಚಿ ಕುಳಿತುದಕ್ಕೆ ಉಮರ್(ರ) ಮಗನನ್ನು ಮೆಚ್ಚಲಿಲ್ಲ. ನೀನು ಅದನ್ನು ಅಲ್ಲಿಯೇ ಹೇಳಿದ್ದರೆ ಇಂತಿಂಥ ಸಂಪತ್ತಿಗಿಂತಲೂ ನನಗೆ ಹೆಚ್ಚು ಪ್ರಿಯವಾಗುತ್ತಿತ್ತು ಎಂದರು. ಬುಖಾರಿಯ ವಿದ್ಯೆಯ ಅಧ್ಯಾಯದಲ್ಲಿ ಈ ವರದಿಯಿದೆ.

ನಮ್ಮ ನಡುವಿನ ಎಷ್ಟು ಮಂದಿ ತಂದೆಯರು ಹೀಗೆ ಹೇಳಿಯಾರು? ಮನೆಗೆ ಅತಿಥಿಗಳು ಬಂದಿರುವಾಗ ಮಗು ಏನನ್ನೋ ಹೇಳಲು ಹತ್ತಿರ ಬಂದರೆ ನಮ್ಮ ಕಣ್ಣೇ ಅದನ್ನು ಒಳಕೋಣೆಗೆ ಅಟ್ಟುತ್ತದೆ. ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕಬಾರದೆಂಬ ಶಿಷ್ಟಾಚಾರ ಸರಿಯಾದುದೇ. ಆದರೆ ಮಧ್ಯೆ ಬಾಯಿ ಹಾಕಬೇಡ ಎಂದವರು ಎಲ್ಲರ ಮಾತು ಮುಗಿದ ಮೇಲಾದರೂ ಈಗ ನಿನ್ನ ಸರದಿ, ಹೇಳು ಎನ್ನಬೇಕಲ್ಲವೇ? ಆ ಸರದಿ ಎಂದೂ ಬರುವುದಿಲ್ಲ. ಹೀಗೆ ಹತ್ತು ವರ್ಷ ಮೌನದ ತರಬೇತಿ ಕೊಟ್ಟು, ಹನ್ನೊಂದನೆಯ ವರ್ಷ ವಾರ್ಷಿಕೋತ್ಸವಕ್ಕೆ ಒಂದು ವಾರ ಇರುವಾಗ ಮಗುವಿನ ಕೈಗೆ ಭಾಷಣದ ಕಾಗದವೊಂದನ್ನು ತುರುಕುತ್ತೇವೆ.

ಆ ಕಾಗದದ ಬಗ್ಗೆ ನಮ್ಮದೇ ಅನುಭವ ಹೇಳಬೇಕು. ನಾವು ಕಲಿತ ಮದ್ರಸದಲ್ಲಿ ಪ್ರತಿ ಗುರುವಾರ ಇಶಾ ನಮಾಝಿನ ಬಳಿಕ ಅಂಜುಮನ್ ನಡೆಯುತ್ತಿತ್ತು. ವಿದ್ಯಾರ್ಥಿಗಳು ಸರದಿಯಂತೆ ಎದ್ದು ಉರ್ದುವಿನಲ್ಲಿ ಭಾಷಣ ಮಾಡಬೇಕು. ಒಳ್ಳೆಯ ಭಾಷಣಕಾರರೆಂದು ನಮಗೆ ಹೆಸರಿತ್ತು. ನಿಜ ಸಂಗತಿಯೇನೆಂದರೆ, ಭಾಷಣಗಳ ಸಂಗ್ರಹವೆಂದು ಮಾರಾಟವಾಗುವ ತೆಳ್ಳನೆಯ ಪುಸ್ತಿಕೆಯೊಂದನ್ನು ನಾವು ಸಂಪೂರ್ಣ ಕಂಠಪಾಠ ಮಾಡಿದ್ದೆವು. ಎಲ್ಲಿ ಧ್ವನಿ ಏರಿಸಬೇಕು, ಎಲ್ಲಿ ಕೈ ಬೀಸಬೇಕು, ಎಲ್ಲಿ ಗದ್ಗದಿತರಾಗಬೇಕು ಎಂಬುದೂ ಬಾಯಿಪಾಠವಾಗಿತ್ತು. ಮುಂದೆ ಬಿ.ಎ. ತರಗತಿಗೆ ಸೇರಿದಾಗ ಒಂದು ವಿಚಾರ ಸಂಕಿರಣದಲ್ಲಿ ಅಧ್ಯಾಪಕರು ನಮ್ಮತ್ತ ತಿರುಗಿ, ಈ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕನ್ನಡದಲ್ಲಿ ಕೇಳಿದರು. ಎದ್ದು ನಿಂತೆವು. ಪುಸ್ತಿಕೆಯಲ್ಲಿ ಆ ವಿಷಯ ಇರಲಿಲ್ಲ. ನಮ್ಮ ಅಭಿಪ್ರಾಯವನ್ನು ಅದುವರೆಗೆ ಯಾರೂ ಕೇಳಿಯೂ ಇರಲಿಲ್ಲ. ಒಂದು ವಾಕ್ಯವೂ ಹೊರಡದೆ ಕುಳಿತುಕೊಂಡೆವು. ಅಂಜುಮನ್‌ನಿಂದ ನಮಗೆ ಪ್ರಯೋಜನವಾಗಲಿಲ್ಲ ಎನ್ನಲಾರೆವು. ಜನರ ಮುಂದೆ ನಿಲ್ಲುವ ಧೈರ್ಯವನ್ನು ಅದು ಕೊಟ್ಟಿತ್ತು. ನಿಂತ ಮೇಲೆ ಏನು ಹೇಳಬೇಕೆಂಬುದನ್ನು ನಾವೇ ಯೋಚಿಸುವ ಅಭ್ಯಾಸವನ್ನು ಮಾತ್ರ ಕೊಟ್ಟಿರಲಿಲ್ಲ.

ಹಾಗಾದರೆ ಹಿರಿಯರು ಭಾಷಣ ಬರೆದುಕೊಡುವುದೇ ತಪ್ಪೇ? ಅಷ್ಟು ಸರಳವಲ್ಲ. ಪಾಕಿಸ್ತಾನದ ಸ್ವಾತ್ ಕಣಿವೆಯ ಮಲಾಲಾ ಯೂಸುಫ್‌ಝಾಯಿಯ ಹೆಸರು ನೀವೆಲ್ಲ ಕೇಳಿದ್ದೀರಿ. ಆಕೆಯ ತಂದೆ ಝಿಯಾವುದ್ದೀನ್‌ಗೆ ಬಾಲ್ಯದಲ್ಲಿ ತೊದಲು. ಅಜ್ಜನಾದರೋ ಮಸೀದಿಯ ಖತೀಬರು, ಜುಮಾ ಖುತ್ಬಾಕ್ಕೆ ಸುತ್ತಲಿನ ಪ್ರದೇಶದಲ್ಲಿ ಹೆಸರುವಾಸಿ. ಮಗ ತೊದಲಿದರೆ ಅವರಿಗೆ ತಾಳ್ಮೆ ಇರುತ್ತಿರಲಿಲ್ಲ. ಅಂಥ ಹುಡುಗ ಒಂದು ದಿನ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟು ಬಂದ. ಅಚ್ಚರಿಗೊಂಡ ತಂದೆ ತಾವೇ ಭಾಷಣ ಬರೆದುಕೊಟ್ಟರು. ಹುಡುಗ ಬೆಟ್ಟದಲ್ಲಿ ಒಬ್ಬನೇ ನಿಂತು ಆಕಾಶಕ್ಕೂ ಹಕ್ಕಿಗಳಿಗೂ ಅದನ್ನು ಹೇಳಿ ಹೇಳಿ ಅಭ್ಯಾಸ ಮಾಡಿದ. ಮೊದಲ ಬಹುಮಾನ ಅವನಿಗೇ ಬಂತು. ಮುಂದೆ ಅದೇ ಝಿಯಾವುದ್ದೀನ್ ತಮ್ಮ ಮಗಳಿಗೂ ಶಾಲಾ ಸ್ಪರ್ಧೆಗೆ ಭಾಷಣ ಬರೆದುಕೊಟ್ಟರು. ಮೊದಲ ಬಹುಮಾನ ಬೇರೆಯವರ ಪಾಲಾಯಿತು. ಆ ಬಳಿಕವೇ ಮಲಾಲಾ ತನ್ನ ಭಾಷಣವನ್ನು ತಾನೇ ಬರೆಯತೊಡಗಿದ್ದು. 2012ರ ಅಕ್ಟೋಬರಿನಲ್ಲಿ ಗುಂಡೇಟು ತಿಂದ ಆ ಹುಡುಗಿ 2013ರ ಜುಲೈ 12ರಂದು, ತನ್ನ ಹದಿನಾರನೆಯ ಹುಟ್ಟುಹಬ್ಬದ ದಿನ, ವಿಶ್ವಸಂಸ್ಥೆಯಲ್ಲಿ ನಿಂತು ಮಾತನಾಡಿದಳು. ಆಕೆಯ ಎಲ್ಲ ನಿಲುವುಗಳನ್ನು ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ನಾವು ನೋಡಬೇಕಾದುದು ಆ ಮನೆಯನ್ನು. ಸೈಕಲ್ ಕಲಿಸುವಾಗ ಸೀಟನ್ನು ಹಿಡಿಯುವಂತೆ ಮೊದಲೊಮ್ಮೆ ಬರೆದುಕೊಟ್ಟರೆ ದೋಷವಿಲ್ಲ. ಕೈ ಬಿಡುವುದು ಯಾವಾಗ ಎಂಬುದು ಹಿಡಿದವನಿಗೆ ಗೊತ್ತಿರಬೇಕು. ನಮ್ಮಲ್ಲಿ ಪದವಿ ತರಗತಿಯ ಹುಡುಗರ ಸೀಟನ್ನೂ ಇನ್ನೂ ಹಿಡಿದುಕೊಂಡು ಓಡುತ್ತಿದ್ದೇವೆ!

ಹೆಣ್ಣುಮಕ್ಕಳ ವಿಷಯದಲ್ಲಿ ಕೈ ಬಿಡುವ ಪ್ರಶ್ನೆಯೇ ಇಲ್ಲ, ಸೈಕಲನ್ನೇ ಕಸಿದುಕೊಳ್ಳುತ್ತೇವೆ. ಐದು ವರ್ಷದ ಹುಡುಗಿ ವೇದಿಕೆಯಲ್ಲಿ ಹಾಡಿದರೆ ಚಪ್ಪಾಳೆ, ನೋಟಿನ ಬಹುಮಾನ. ಹನ್ನೆರಡಾದ ಕೂಡಲೇ ಅವಳ ಹೆಸರು ಕಾರ್ಯಕ್ರಮದ ಪಟ್ಟಿಯಿಂದ ಮಾಯವಾಗುತ್ತದೆ. ಆಯಿಶಾ(ರ)ರಿಂದ ಧರ್ಮದ ಸಂಗತಿಗಳನ್ನು ಕೇಳಿ ಕಲಿಯಲು ಹಿರಿಯ ಸಂಗಾತಿಗಳೂ ಬರುತ್ತಿದ್ದರು ಎಂದು ಇದೇ ವೇದಿಕೆಯಿಂದ ಹೇಳುವವರು ನಾವು. ನಾಳೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ, ಶೌಚಾಲಯಕ್ಕೆ ನೀರಿಲ್ಲ, ನನ್ನ ಮಗಳು ಮಧ್ಯಾಹ್ನವೇ ಮನೆಗೆ ಬರುತ್ತಾಳೆ ಎಂದು ಎದ್ದು ಹೇಳಬೇಕಾದವಳು ಅದೇ ಹುಡುಗಿಯಲ್ಲವೇ? ಆಸ್ಪತ್ರೆಯಲ್ಲಿ ವೈದ್ಯರ ಮುಂದೆ ತನ್ನ ನೋವನ್ನು ವಿವರಿಸಲಾಗದೆ ಗಂಡನ ಮುಖ ನೋಡುವ ಹೆಣ್ಣುಮಕ್ಕಳನ್ನು ನಾವು ಕಂಡಿದ್ದೇವೆ. ಆ ಮೌನವನ್ನು ಅವರಿಗೆ ಕಲಿಸಿದವರು ಬೇರೆ ಯಾರೂ ಅಲ್ಲ.

ಇನ್ನು ಭಾಷೆಯ ಪ್ರಶ್ನೆ. ನಮ್ಮ ಮನೆಗಳಲ್ಲಿ ಉರ್ದು, ಬ್ಯಾರಿ, ನವಾಯತಿ ಮುಂತಾದ ಮಾತುಗಳಿವೆ. ಮಗು ಮೊದಲು ಆ ಮಾತಿನಲ್ಲೇ ಮನ ಬಿಚ್ಚಬೇಕು. ಆದರೆ ಅಲ್ಲಿಗೇ ನಿಲ್ಲಬಾರದು. ಶಾಲೆಗಳ ಪ್ರತಿಭಾ ಕಾರಂಜಿಯನ್ನು ನೋಡಿ. ಅರೇಬಿಕ್ ಧಾರ್ಮಿಕ ಪಠಣ ಎಂದರೆ ನಮ್ಮ ಮಕ್ಕಳು ಮುಂದೆ, ಅದು ಸಂತೋಷವೇ. ಕನ್ನಡ ಭಾಷಣಕ್ಕೆ ಹೆಸರು ಕೊಟ್ಟವರಾರು ಎಂದು ನಾವು ಹೋದ ಕಡೆಯಲ್ಲೆಲ್ಲ ಕೇಳುತ್ತೇವೆ, ಏಳುವ ಕೈಗಳು ವಿರಳ. ನಮ್ಮ ಸುಖ ದುಃಖವನ್ನು ನೆರೆಯವರಿಗೆ ಅವರಿಗೆ ತಿಳಿಯುವ ಮಾತಿನಲ್ಲಿ ನಾವೇ ಹೇಳದಿದ್ದರೆ ನಮ್ಮ ಪರವಾಗಿ ಬೇರೆಯವರು ಹೇಳುತ್ತಾರೆ. ಅವರು ಏನು ಹೇಳುತ್ತಿದ್ದಾರೆಂದು ಟಿ.ವಿ. ನೋಡುವ ನಿಮಗೆ ವಿವರಿಸಬೇಕಾಗಿಲ್ಲ. ಲೇಖಕಿ ಬಾನು ಮುಷ್ತಾಕ್ ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಶಾಲೆಯೊಂದರಲ್ಲಿ, ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ ಸೇರಿದವರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದುದು ಆ ಕನ್ನಡಕ್ಕೇ.

ಮಾಡಬೇಕಾದುದೇನು ಎಂದು ನೀವು ಕೇಳಬಹುದು. ತರಬೇತಿ ಕೇಂದ್ರಗಳಿಗೆ ಸಾವಿರಾರು ರೂಪಾಯಿ ಕಟ್ಟಬೇಕಾಗಿಲ್ಲ. ರಾತ್ರಿಯ ಊಟದ ಸುಪ್ರದ ಮುಂದೆ ಹತ್ತು ನಿಮಿಷ ಸಾಕು. ನಾಲ್ಕೈದು ವರ್ಷದ ಮಗುವಿಗೆ ಅಂದು ಕಂಡುದನ್ನು ಹೇಳಲು ಬಿಡಿ. ಅದು ಬೆಕ್ಕಿನ ಕಥೆಯಿಂದ ಬಸ್ಸಿನ ಕಥೆಗೆ ಹಾರುತ್ತದೆ, ಹಾರಲಿ. ಆಮೇಲೆ ಏನಾಯಿತು ಎಂದು ಮಾತ್ರ ಕೇಳಿ. ನಡುವೆ ತಡೆದು ವ್ಯಾಕರಣ ತಿದ್ದಬೇಡಿ. ಮಾತಿನ ಎಳೆ ಒಮ್ಮೆ ಕಡಿದರೆ ಮಗು ಅದನ್ನು ಮತ್ತೆ ಹಿಡಿಯುವುದಿಲ್ಲ. ಏಳೆಂಟು ವರ್ಷವಾದಾಗ ಕೇಳಿದ ಕಥೆಯನ್ನು ತಮ್ಮ ತಂಗಿಯರಿಗೆ ಹೇಳಿಸಿ. ಹತ್ತರ ಸುಮಾರಿಗೆ, ಈದ್‌ಗೆ ಅಜ್ಜಿಯ ಮನೆಗೆ ಹೋಗೋಣವೋ ಬೇಡವೋ ಎಂಬಂಥ ಮನೆಯ ಪ್ರಶ್ನೆಯನ್ನೇ ಮುಂದಿಟ್ಟು ಕಾರಣ ಸಹಿತ ಅಭಿಪ್ರಾಯ ಕೇಳಿ. ಕಾರಣ ಸರಿಯಾಗಿದ್ದರೆ ಅದರಂತೆ ನಡೆಯಿರಿ. ತನ್ನ ಮಾತಿನಿಂದ ಏನೋ ಒಂದು ಬದಲಾಯಿತು ಎಂದು ಕಂಡ ಮಗುವಿಗೆ ಮಾತಿನ ಬೆಲೆ ತಿಳಿಯುತ್ತದೆ. ಸಭೆಯಲ್ಲಿ ಮಾತನಾಡುವಾಗ ಇಡೀ ಭಾಷಣದ ಬದಲು ನಾಲ್ಕು ಪದಗಳ ಚೀಟಿ ಇರಲಿ. ಉಳಿದುದು ಅದರದೇ ಮಾತಾಗಲಿ, ತಪ್ಪಾದರೂ ಚಿಂತೆಯಿಲ್ಲ. ಅಂದ ಹಾಗೆ, ಆ ಹತ್ತು ನಿಮಿಷ ಮೊಬೈಲು ಬೇರೆ ಕೋಣೆಯಲ್ಲಿರಲಿ. ಮಗುವಿನ ಮಾತನ್ನು ಚಿತ್ರೀಕರಿಸಿ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸುವುದು ಕೇಳುವುದಕ್ಕೆ ಸಮವಲ್ಲ.

ತೊದಲುವ ಮಕ್ಕಳ ತಾಯಂದಿರು ಕೆಲವರು ಇಲ್ಲಿರಬಹುದು. ಚಿಕ್ಕ ವಯಸ್ಸಿನ ತೊದಲು ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. ಅದರ ಬಾಯಿಂದ ಬರಬೇಕಾದ ಪದವನ್ನು ನೀವು ಮೊದಲೇ ಹೇಳಿಬಿಡಬೇಡಿ, ನಿಧಾನ, ನಿಧಾನ ಎಂದು ಎಚ್ಚರಿಸುತ್ತಲೂ ಇರಬೇಡಿ, ಮುಖ ನೋಡುತ್ತ ಕಾಯಿರಿ. ತಿಂಗಳುಗಟ್ಟಲೆ ಉಳಿದರೆ ತಡಮಾಡದೆ ಮಾತಿನ ತಜ್ಞರಿಗೆ ತೋರಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಫಿರ್‌ಔನನ ಆಸ್ಥಾನಕ್ಕೆ ಹೋಗಿ ಮಾತನಾಡಬೇಕಾಗಿ ಬಂದಾಗ ಪ್ರವಾದಿ ಮೂಸಾ(ಅ) ತಮ್ಮ ನಾಲಗೆಯ ಗಂಟು ಬಿಚ್ಚುವಂತೆ ಪ್ರಾರ್ಥಿಸಿದ್ದನ್ನೂ, ತಮಗಿಂತ ಸ್ಫುಟವಾಗಿ ಮಾತನಾಡಬಲ್ಲ ಸಹೋದರ ಹಾರೂನ್(ಅ)ರನ್ನು ಜೊತೆಗೆ ಕೇಳಿದ್ದನ್ನೂ ಕುರ್‌ಆನ್ ತಿಳಿಸಿದೆ. ಗಂಟು ಇದೆಯೆಂದು ಅವರು ಮನೆಯಲ್ಲಿ ಉಳಿಯಲಿಲ್ಲ. ಬಸ್ರಾದಲ್ಲಿ ವಾಸಿಲ್ ಬಿನ್ ಅತಾ ಎಂಬ ವಿದ್ವಾಂಸರಿದ್ದರು. ಕ್ರಿ.ಶ. 748ರಲ್ಲಿ ತೀರಿಕೊಂಡವರು. ಅವರ ಮುಅ್‌ತಝಿಲಿ ವಿಚಾರಗಳನ್ನು ನಮ್ಮ ಉಸ್ತಾದರು ಒಪ್ಪಲಾರರು, ಆದರೆ ಇದನ್ನು ಮೆಚ್ಚಿಯಾರು. ಅವರಿಗೆ ‘ರಾ’ ಅಕ್ಷರದ ಉಚ್ಚಾರ ಬರುತ್ತಿರಲಿಲ್ಲ. ಆದ್ದರಿಂದ ಆ ಅಕ್ಷರವಿರುವ ಪದಗಳನ್ನೆಲ್ಲ ಬಿಟ್ಟು, ಸಮಾನ ಅರ್ಥದ ಬೇರೆ ಪದಗಳನ್ನು ಆಯ್ದು ಖುತ್ಬಾ ನೀಡುತ್ತಿದ್ದರು. ಎಷ್ಟು ಪದಗಳು ಬಲ್ಲವರಾಗಿರಬೇಕು!

ಸಭೆಗಳ ಬಗ್ಗೆ ಒಂದು ದೂರನ್ನೂ ಸಲ್ಲಿಸುತ್ತೇವೆ. ನಮ್ಮ ವಾರ್ಷಿಕೋತ್ಸವಗಳಲ್ಲಿ ಸ್ವಾಗತ, ಪ್ರಸ್ತಾವನೆ, ಉದ್ಘಾಟನೆ, ನಾಲ್ವರು ಅತಿಥಿಗಳು, ಶಾಲು ಹೊದಿಸುವಿಕೆ ಎಲ್ಲ ಮುಗಿದು ಮಕ್ಕಳ ಸರದಿ ಬರುವಾಗ ರಾತ್ರಿ ಹತ್ತಾಗಿರುತ್ತದೆ. ಮಗುವಿನ ಕಣ್ಣಿಗೆ ಕಾಣುವುದು ಖಾಲಿ ಕುರ್ಚಿಗಳು ಮತ್ತು ತೂಕಡಿಸುವ ಸ್ವಯಂಸೇವಕರು. ಅತಿಥಿಗಳು ಬಿರಿಯಾನಿಯ ಕಡೆಗೆ ಹೋಗಿರುತ್ತಾರೆ. ಇಂದಿನ ಪಟ್ಟಿಯಲ್ಲಿಯೂ ಮಕ್ಕಳು ಕೊನೆಯಲ್ಲಿದ್ದರು. ನಮ್ಮ ಕೋರಿಕೆಯನ್ನು ಮನ್ನಿಸಿ ಅಧ್ಯಕ್ಷರು ಅವರನ್ನು ಈಗಲೇ ಕರೆಯಲು ಒಪ್ಪಿದ್ದಾರೆ. ಮೊದಲ ಸರದಿ ನಾಲ್ಕನೆಯ ತರಗತಿಯ ಹುಡುಗಿಯದು. ಪರದೆಯ ಬಳಿ ಅರ್ಧ ಗಂಟೆಯಿಂದ ನಿಂತಿದ್ದಾಳೆ. ಮುಂದಿನ ಸಾಲಿನವರು ದಯವಿಟ್ಟು ಎದ್ದು ಹೋಗಬೇಡಿ. ನಾವೂ ಕೆಳಗಿಳಿದು ನಿಮ್ಮ ಜೊತೆ ಕುಳಿತುಕೊಳ್ಳುತ್ತೇವೆ.